ಎರಡು ನಿಮಿಷದಲ್ಲಿ 70 ಪರ್ಸೆಂಟ್ ಚಾರ್ಜ್ ಆಗೋ ಬ್ಯಾಟರಿ ಎಲ್ಲಿಗೆ ಹೋಯ್ತು?

2014ರ ಅಕ್ಟೋಬರ್‌ನಲ್ಲಿ ಸಿಂಗಾಪುರದ ನಾನ್‌ಯಾಂಗ್ ಟೆಕ್ನಾಲಾಜಿಕಲ್ ಯೂನಿವರ್ಸಿಟಿಯಿಂದ ಒಂದು ಸುದ್ದಿ ಬಂತು, ಎರಡೇ ನಿಮಿಷದಲ್ಲಿ 70 ಪರ್ಸೆಂಟ್ ಚಾರ್ಜ್ ಆಗೋ, 20 ವರ್ಷ ಬಾಳಿಕೆ ಬರೋ ಲಿಥಿಯಂ ಬ್ಯಾಟರಿ ಮಾಡಿದ್ದಾರೆ ಅಂತ. ಪ್ರೊಫೆಸರ್ ಚೆನ್ ಷಿಯಾವ್‌ಡಾಂಗ್ ಅವರ ಗುಂಪಿನ ಕೆಲಸ ಅದು. ಇನ್ನೆರಡು ವರ್ಷದಲ್ಲಿ ಮಾರ್ಕೆಟ್‌ಗೆ ಬರುತ್ತೆ ಅಂತಾನೂ ಅದರಲ್ಲೇ ಬರೆದಿತ್ತು. ಎರಡಲ್ಲ ಹತ್ತು ವರ್ಷದ ಮೇಲಾಯ್ತು, ಬ್ಯಾಟರಿ ಬರ್ಲಿಲ್ಲ, ಆದ್ರೆ ಸುದ್ದಿ ಮಾತ್ರ ಡೇಟ್ ಅಳಿಸ್ಕೊಂಡು ವಾಟ್ಸಾಪ್‌ನಲ್ಲಿ ಸುತ್ತುತ್ತಾನೇ ಇದೆ. ನಮ್ಮ ಸೋದರಮಾವ ಅಂತೂ ಅದು ಸಿಕ್ಕಾಗೆಲ್ಲ ನಂಗೆ ತಪ್ಪದೇ ಕಳಿಸ್ತಾರೆ, ಕೆಳಗೆ "ನೋಡು, ನಿಂದೇ ಸಬ್ಜೆಕ್ಟು" ಅಂತ ಒಂದು ಲೈನ್ ಬೇರೆ. ಎತ್ತು ಈಯ್ತು ಅಂದ್ರೆ ಕೊಟ್ಟಿಗೆಗೆ ಕಟ್ಟು ಅನ್ನೋ ಜಾತಿ ನಮ್ಮ ಮಾವ.

ನಂದೇ ಸಬ್ಜೆಕ್ಟು ಅನ್ನೋದು ನಿಜ. ಪಿಎಚ್‌ಡಿ ಮಾಡುವಾಗ ನಾನು ಕೈಯಾಡಿಸಿದ್ದು ಆ ಬ್ಯಾಟರಿಯಲ್ಲಿ ಬಳಸಿದ ಬಿಳಿ ಪುಡಿಯಲ್ಲೇ, ನ್ಯಾನೋ ಟೈಟೇನಿಯಂ ಡೈಆಕ್ಸೈಡ್, ಅಂದ್ರೆ ಕಣದ ಗಾತ್ರ ನ್ಯಾನೋಮೀಟರ್ (ಮೀಟರಿನ ನೂರು ಕೋಟಿಯಲ್ಲಿ ಒಂದು ಪಾಲು) ಲೆಕ್ಕದಲ್ಲಿರೋದು. ಪ್ರತಿ ಸಲ ಪೂರ್ತಿ ಹೆಸರು ಟೈಪ್ ಮಾಡೋದು ಕಷ್ಟ, ಇನ್ಮೇಲೆ ಟೈಟೇನಿಯಾ ಅಂತೀನಿ, ಲ್ಯಾಬಲ್ಲೂ ಹಂಗೇ ಅಂತಿದ್ವಿ. ಈಗ ಬೇರೆ ಕೆಲಸದಲ್ಲಿದ್ದೀನಿ, ಹಾಗಾಗಿ ಇದರ ಪರ ವಾದ ಮಾಡೋ ಅಗತ್ಯಾನೂ ಇಲ್ಲ ವಿರೋಧ ಮಾಡೋ ಅಗತ್ಯಾನೂ ಇಲ್ಲ. ಆ ಸುದ್ದಿ ಸುಳ್ಳಲ್ಲ. ಸಿಂಗಾಪುರದವರು ಮಾಡಿದ್ದು ಒಳ್ಳೆ ಕೆಲಸಾನೇ. ಆದ್ರೆ ಅದು ಲ್ಯಾಬಿಂದ ನಮ್ಮ ಕೈಗೆ ಯಾಕೆ ಬರ್ಲಿಲ್ಲ, ಬಂದಿದ್ದು ಯಾವ ರೂಪದಲ್ಲಿ, ಅದನ್ನ ಒಂದ್ಸಲ ಸರಿಯಾಗಿ ಬರೆದಿಟ್ರೆ ಮುಂದಿನ ಸಲ ಮಾವನಿಗೆ ಲಿಂಕ್ ಕಳಿಸಿ ಸುಮ್ನಾಗ್ಬಹುದು.

ಮೊದಲು ಈಗಿನ ಬ್ಯಾಟರಿ ಹೇಗಿದೆ ನೋಡೋಣ. ನಿಮ್ಮ ಫೋನಲ್ಲಿರೋ ಸೆಲ್‌ನಲ್ಲಿ ಎರಡು ಎಲೆಕ್ಟ್ರೋಡ್, ಒಂದು ಕಡೆ ಕೋಬಾಲ್ಟೋ ನಿಕ್ಕಲ್ಲೋ ಇರೋ ಆಕ್ಸೈಡ್, ಅದು ಕ್ಯಾಥೋಡ್, ಇನ್ನೊಂದು ಕಡೆ ಗ್ರಾಫೈಟ್, ಅದು ಆನೋಡ್, ಪೆನ್ಸಿಲ್ ಕಡ್ಡಿಯಲ್ಲಿರೋ ಅದೇ ಗ್ರಾಫೈಟು. ಚಾರ್ಜ್ ಮಾಡಿದಾಗ ಲಿಥಿಯಂ ಅಯಾನುಗಳು ಕ್ಯಾಥೋಡ್ ಬಿಟ್ಟು ಗ್ರಾಫೈಟ್ ಪದರಗಳ ಮಧ್ಯೆ ಹೋಗಿ ಕೂರ್ತವೆ, ಬಳಸುವಾಗ ವಾಪಸ್ ಬರ್ತವೆ. ಗ್ರಾಫೈಟ್ ಅಗ್ಗ, ಹಗುರ, ಗ್ರಾಂಗೆ 372 ಎಂಎಎಚ್ ಹಿಡಿಸುತ್ತೆ, ಎಲ್ಲಾ ಸರಿ. ತೊಂದರೆ ಎಲ್ಲಿ ಅಂದ್ರೆ ಅದು ಲಿಥಿಯಂ ಒಳಗೆ ತಗೊಳ್ಳೋ ವೋಲ್ಟೇಜು. ಶುದ್ಧ ಲಿಥಿಯಂ ಲೋಹಾನ ಸೊನ್ನೆ ಅಂತ ಇಟ್ಕೊಂಡ್ರೆ ಗ್ರಾಫೈಟ್ ಕೆಲಸ ಮಾಡೋದು ಬರೀ 0.1 ವೋಲ್ಟ್ ಹತ್ರ. ಅಂದ್ರೆ ಲಿಥಿಯಂಗೆ ಗ್ರಾಫೈಟ್ ಒಳಗೆ ಹೋಗೋದಕ್ಕೂ ಅದರ ಮೇಲೇನೇ ಲೋಹವಾಗಿ ಕೂತ್ಬಿಡೋದಕ್ಕೂ ಮಧ್ಯೆ ಇರೋ ಅಂತರ ಕೂದಲೆಳೆಯಷ್ಟು. ಅವಸರ ಮಾಡಿ ಜೋರಾಗಿ ಚಾರ್ಜ್ ಮಾಡಿದ್ರೆ, ಅಥವಾ ಚಳಿಯಲ್ಲಿ ಮಾಡಿದ್ರೆ, ಒಳಗೆ ಹೋಗೋಕೆ ಟೈಮ್ ಸಾಲದೆ ಮೇಲೇ ಲೋಹ ಕಟ್ಟುತ್ತೆ, ಕೆಲವು ಸಲ ಮುಳ್ಳಿನ ಥರ ಬೆಳೆದು ಎರಡರ ಮಧ್ಯೆ ಇರೋ ತೆಳು ಪರದೆ, ಅಂದ್ರೆ ಸೆಪರೇಟರ್, ತೂತು ಮಾಡಿ ಆ ಕಡೆ ಮುಟ್ಟುತ್ತೆ, ಆಮೇಲೆ ಶಾರ್ಟು, ಬೆಂಕಿ. ಇದಲ್ಲದೆ ಇಷ್ಟು ಕೆಳಗಿನ ವೋಲ್ಟೇಜಲ್ಲಿ ಎಲೆಕ್ಟ್ರೋಲೈಟ್ (ಲಿಥಿಯಂ ಅಯಾನುಗಳು ಓಡಾಡೋ ದ್ರವ) ಕೂಡ ತಡ್ಕೊಳಲ್ಲ, ಒಡೆದು ಗ್ರಾಫೈಟ್ ಮೇಲೆ ಒಂದು ಪೊರೆ ಕಟ್ಟುತ್ತೆ, ಆ ಪೊರೆಗೆ ಒಂದಿಷ್ಟು ಲಿಥಿಯಂ ಶಾಶ್ವತವಾಗಿ ಬಲಿ. ಆ ಪೊರೆ ಗ್ರಾಫೈಟನ್ನ ಕಾಪಾಡುತ್ತೆ ಅನ್ನೋದೂ ಸರಿ, ಬ್ಯಾಟರಿ ವಯಸ್ಸಾಗೋದಕ್ಕೆ ಅದೇ ಒಂದು ಕಾರಣ ಅನ್ನೋದೂ ಸರಿ.

ಟೈಟೇನಿಯಾ ಬರೋದು ಇಲ್ಲಿ. ಅದು ಲಿಥಿಯಂ ತಗೊಳ್ಳೋದು ಸುಮಾರು 1.5ರಿಂದ 1.8 ವೋಲ್ಟ್ ಮಧ್ಯೆ. ಲೋಹ ಕಟ್ಟೋ ಸೊನ್ನೆಯಿಂದ ಬಹಳ ದೂರ, ಎಲೆಕ್ಟ್ರೋಲೈಟ್ ಒಡೆಯೋ ಮಟ್ಟಕ್ಕಿಂತಾನೂ ಮೇಲೆ. ಎಷ್ಟೇ ಜೋರಾಗಿ ಚಾರ್ಜ್ ಮಾಡಿದ್ರೂ ಲಿಥಿಯಂ ಮುಳ್ಳು ಬೆಳೆಯೋ ಭಯ ಹೆಚ್ಚೂಕಡಿಮೆ ಇಲ್ಲ. ಲಿಥಿಯಂ ಒಳಗೆ ಹೋದಾಗ ಉಬ್ಬೋದೂ ಕಮ್ಮಿ, ಅನಟೇಸ್ ಅನ್ನೋ ರೂಪ 4 ಪರ್ಸೆಂಟ್ ಒಳಗೇ, ಗ್ರಾಫೈಟ್ ಸುಮಾರು 10 ಪರ್ಸೆಂಟ್. ಇನ್ನೊಂದು ಲಾಭ ಜಾಸ್ತಿ ಜನ ಹೇಳಲ್ಲ: ಗ್ರಾಫೈಟನ್ನ ಬಳಿಯೋದಕ್ಕೆ ತಾಮ್ರದ ಹಾಳೆ ಬೇಕೇ ಬೇಕು, ಯಾಕಂದ್ರೆ ಅಲ್ಯೂಮಿನಿಯಂ ಆದ್ರೆ 0.3 ವೋಲ್ಟ್ ಕೆಳಗೆ ಲಿಥಿಯಂ ಜೊತೆ ಸೇರಿ ಮಿಶ್ರಲೋಹ ಆಗಿ ಪುಡಿಪುಡಿ ಆಗುತ್ತೆ. ಟೈಟೇನಿಯಾ ಅಷ್ಟು ಕೆಳಗೆ ಇಳಿಯೋದೇ ಇಲ್ವಲ್ಲ, ಎರಡೂ ಕಡೆ ಅಲ್ಯೂಮಿನಿಯಂ ಹಾಳೇನೇ ಸಾಕು, ತೂಕಾನೂ ಕಮ್ಮಿ ದುಡ್ಡೂ ಕಮ್ಮಿ.

ಇನ್ನು ವಸ್ತು ಸಿಗೋದು? ನಿಮ್ಮ ಮನೆ ಗೋಡೆಯ ಬಿಳಿ ಪೇಂಟಲ್ಲಿದೆ, ಬಿಳಿ ಟೂತ್‌ಪೇಸ್ಟಲ್ಲಿದೆ, ಸನ್‌ಸ್ಕ್ರೀನಲ್ಲಿದೆ. ಭೂಮಿಯ ಹೊರಪದರದಲ್ಲಿ ಜಾಸ್ತಿ ಇರೋ ಧಾತುಗಳ ಪಟ್ಟಿಯಲ್ಲಿ ಟೈಟೇನಿಯಂ ಒಂಬತ್ತನೇದು. ನಮ್ಮ ಪಕ್ಕದ ಕೇರಳದಲ್ಲಿ ಕೊಲ್ಲಂ ಹತ್ರ ಚವರ ಕಡಲತೀರದ ಕಪ್ಪು ಮರಳು ಅಂದ್ರೆ ಇಲ್ಮನೈಟು, ಕಬ್ಬಿಣ ಮತ್ತು ಟೈಟೇನಿಯಂ ಸೇರಿರೋ ಅದಿರು. ಅಲ್ಲೇ ಕೇರಳ ಮಿನರಲ್ಸ್ ಅಂಡ್ ಮೆಟಲ್ಸ್ ಕಂಪನಿ ಅದರಿಂದ ರೂಟೈಲ್ ಪಿಗ್ಮೆಂಟ್ ಮಾಡುತ್ತೆ, ತಿರುವನಂತಪುರದಲ್ಲಿ 1946ರಲ್ಲಿ ಸ್ಥಾಪನೆಯಾದ ಟ್ರಾವಂಕೂರ್ ಟೈಟೇನಿಯಂ ಪ್ರಾಡಕ್ಟ್ಸ್ ಅನಟೇಸ್ ಮಾಡುತ್ತೆ. ಕೋಬಾಲ್ಟ್ ಥರ ಕಾಂಗೋ ಕಡೆ ಮುಖ ಮಾಡ್ಕೊಂಡು ಕೂರಬೇಕಾದ ವಸ್ತು ಅಲ್ಲ ಇದು. ಅಂದಹಾಗೆ ಲಿಥಿಯಂ ಬ್ಯಾಟರಿಗೂ ಟೈಟೇನಿಯಂಗೂ ನಂಟು ಹಳೇದು, 1970ರ ದಶಕದಲ್ಲಿ ಎಕ್ಸಾನ್ ಕಂಪನಿಯಲ್ಲಿ ವಿಟ್ಟಿಂಗ್‌ಹ್ಯಾಮ್ ಮಾಡಿದ ಆ ಮೊದಲ ರೀಚಾರ್ಜ್ ಲಿಥಿಯಂ ಬ್ಯಾಟರಿಯ ಕ್ಯಾಥೋಡ್ ಟೈಟೇನಿಯಂ ಡೈಸಲ್ಫೈಡು, ಅದಕ್ಕೇ ಅವರಿಗೆ 2019ರಲ್ಲಿ ನೊಬೆಲ್‌ನಲ್ಲಿ ಪಾಲು ಬಂದಿದ್ದು.

ಹಂಗಾದ್ರೆ ಪೇಂಟಿಗೆ ಹಾಕೋ ಪುಡೀನ ತಂದು ಬ್ಯಾಟರಿಗೆ ಹಾಕಿದ್ರೆ ಆಯ್ತಲ್ಲ? ಆಗಲ್ಲ, ಇಲ್ಲೇ ಇದೆ ಮಜಾ.

ಟೈಟೇನಿಯಾ ಅಂದ್ರೆ ಒಂದೇ ಹರಳಲ್ಲ. ಅದೇ ಒಂದು ಟೈಟೇನಿಯಂ ಎರಡು ಆಕ್ಸಿಜನ್, ಆದ್ರೆ ಜೋಡಿಸೋ ರೀತಿ ಬೇರೆ ಬೇರೆ: ರೂಟೈಲ್, ಅನಟೇಸ್, ಬ್ರೂಕೈಟ್, ಆಮೇಲೆ ಲ್ಯಾಬಲ್ಲಿ ಮಾಡೋ ಟೈಟೇನಿಯಾ-ಬಿ. ಲೆಕ್ಕದ ಪ್ರಕಾರ ಒಂದು ಟೈಟೇನಿಯಂಗೆ ಒಂದು ಲಿಥಿಯಂ ಹಿಡಿಸಿದ್ರೆ ಗ್ರಾಂಗೆ 335 ಎಂಎಎಚ್ ಬರಬೇಕು, ಗ್ರಾಫೈಟ್‌ಗೆ ಹತ್ರ ಹತ್ರ. ಆದ್ರೆ ದೊಡ್ಡ ಕಣದ ಅನಟೇಸ್ ಅರ್ಧ ತಗೊಂಡು ಸಾಕು ಅನ್ನುತ್ತೆ, ಅಂದ್ರೆ 168. ದೊಡ್ಡ ಕಣದ ರೂಟೈಲ್ ಅಂತೂ ರೂಮ್ ಟೆಂಪರೇಚರಲ್ಲಿ ಬಾಯೇ ಬಿಡಲ್ಲ.

ರೂಟೈಲ್ ಕಥೆ ನಂಗೆ ಬಹಳ ಇಷ್ಟ. ಅದರೊಳಗೆ ಒಂದು ದಿಕ್ಕಿನಲ್ಲಿ ಉದ್ದಕ್ಕೆ ಸುರಂಗ ಇದೆ, ಆ ದಿಕ್ಕಲ್ಲಿ ಲಿಥಿಯಂ ಸರಾಗವಾಗಿ ಓಡುತ್ತೆ, ಅಡ್ಡ ದಿಕ್ಕಲ್ಲಿ ಮಾತ್ರ ಚಲನೆ ಸುಮಾರು ನೂರು ಕೋಟಿ ಪಟ್ಟು ನಿಧಾನ. ಅಂದ್ರೆ ಸುರಂಗದೊಳಗೆ ಹೋದ ಲಿಥಿಯಂ ಪಕ್ಕಕ್ಕೆ ಸರಿಯೋಕಾಗಲ್ಲ, ಹಿಂದೆ ಬರೋದಕ್ಕೆ ದಾರಿ ಇಲ್ಲ, ಅಲ್ಲಿಗೆ ಜಾಮ್. ವರ್ಷಗಟ್ಟಲೆ ಎಲ್ಲರೂ ರೂಟೈಲ್ ಬ್ಯಾಟರಿಗೆ ಬರಲ್ಲ ಅಂತ ಬಿಟ್ಟಿದ್ರು. 2006ರಲ್ಲಿ ಜರ್ಮನಿಯ ಸ್ಟುಟ್‌ಗಾರ್ಟ್‌ನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯ ಯೋಆಕಿಮ್ ಮೈಯರ್ ಗುಂಪಿನವರು ಅದೇ ರೂಟೈಲನ್ನ ನ್ಯಾನೋ ಗಾತ್ರಕ್ಕೆ ಇಳಿಸಿ ನೋಡಿದ್ರೆ ಮೊದಲ ಸಲವೇ ಟೈಟೇನಿಯಂಗೆ 0.8 ಲಿಥಿಯಂ ಒಳಗೆ ಹೋಯ್ತು, ಆಮೇಲೆ ಸುಮಾರು 0.5 ಲಿಥಿಯಂ ಸಲೀಸಾಗಿ ಹೋಗಿ ಬಂದು ಮಾಡ್ತು. ಕೆಮಿಸ್ಟ್ರಿ ಅದೇ, ಹರಳು ಅದೇ, ಸೈಜ್ ಒಂದು ಬದಲಾಯ್ತು ಅಷ್ಟೇ. ಕೆಲಸಕ್ಕೆ ಬರಲ್ಲ ಅಂತ ಪಕ್ಕಕ್ಕಿಟ್ಟಿದ್ದು ಎಲೆಕ್ಟ್ರೋಡ್ ಆಗಿಹೋಯ್ತು.

ಅನಟೇಸ್ ಬಗ್ಗೆ ಇದೇ ಥರದ ಕೆಲಸ ಮಾಡಿದ್ದು ಹಾಲೆಂಡಿನ ಡೆಲ್ಫ್ಟ್‌ನವರು, ವಾಗೆಮೇಕರ್ ಮತ್ತು ಜೊತೆಯವರು, 2007ರಲ್ಲಿ. ಕಣ 7 ನ್ಯಾನೋಮೀಟರ್‌ಗೆ ಇಳಿದಾಗ ಅನಟೇಸ್ ಅರ್ಧಕ್ಕೆ ನಿಲ್ಲದೆ ಪೂರ್ತಿ ಒಂದು ಲಿಥಿಯಂ ತಗೊಳ್ಳುತ್ತೆ ಅಂತ ತೋರಿಸಿದ್ರು. ದೊಡ್ಡ ಕಣದಲ್ಲಿ ಯಾಕಾಗಲ್ಲ ಅಂದ್ರೆ, ಪೂರ್ತಿ ತುಂಬಿದ ರೂಪ ಹೊರಗಿನ ಮೂರ್ನಾಲ್ಕು ನ್ಯಾನೋಮೀಟರ್ ಪದರದಲ್ಲಿ ಮಾತ್ರ ಆಗುತ್ತೆ, ಆ ಪದರ ಒಂದ್ಸಲ ತುಂಬಿದ್ಮೇಲೆ ಅದನ್ನ ದಾಟಿ ಬೇರೆ ಲಿಥಿಯಂ ಒಳಗೆ ಹೋಗೋಕಾಗಲ್ಲ. ಬೆಳಗ್ಗೆ ಬಿಎಂಟಿಸಿ ಬಸ್ ಹತ್ತಿದೋರಿಗೆ ಇದನ್ನ ಬಿಡಿಸಿ ಹೇಳ್ಬೇಕಾಗಿಲ್ಲ, ಹಿಂದೆ ಸೀಟ್ ಖಾಲಿ ಇದ್ರೂ ಬಾಗಿಲ ಹತ್ರಾನೇ ನಿಂತ್ಕೊಂಡ್ಬಿಡ್ತಾರಲ್ಲ, ಕಂಡಕ್ಟರ್ ಎಷ್ಟು ಕೂಗಿದ್ರೂ ಅಷ್ಟೇ. ಕಣಾನೇ 7 ನ್ಯಾನೋಮೀಟರ್ ಆದ್ರೆ ಬಾಗಿಲು ಬಿಟ್ಟು ಬೇರೆ ಜಾಗಾನೇ ಇಲ್ಲ, ಹಾಗಾಗಿ ಎಲ್ಲಾ ತುಂಬುತ್ತೆ.

ವೇಗದ ಲೆಕ್ಕಾನೂ ನೋಡಿ. ಕಣದೊಳಗೆ ಲಿಥಿಯಂ ಹರಡೋಕೆ ತಗೊಳ್ಳೋ ಸಮಯ ದೂರದ ವರ್ಗಕ್ಕೆ ತಕ್ಕ ಹಾಗೆ ಹೆಚ್ಚುತ್ತೆ. ಒಂದು ಮೈಕ್ರಾನ್ (1000 ನ್ಯಾನೋಮೀಟರ್) ಕಣಾನ 20 ನ್ಯಾನೋಮೀಟರ್ ಮಾಡಿದ್ರೆ ದೂರ 50 ಪಟ್ಟು ಕಮ್ಮಿ, ಸಮಯ 2500 ಪಟ್ಟು ಕಮ್ಮಿ. ಒಂದು ಗಂಟೆ ತಗೊಳ್ತಿದ್ದಿದ್ದು ಒಂದೂವರೆ ಸೆಕೆಂಡಿಗೆ ಮುಗಿಯುತ್ತೆ, ಲೆಕ್ಕದ ಮೇಲೆ. ಎರಡು ನಿಮಿಷದ ಸುದ್ದಿ ಹುಟ್ಟಿದ್ದು ಈ ವರ್ಗದ ಲೆಕ್ಕದಿಂದಾನೇ, ಅದರಲ್ಲಿ ಮಂತ್ರ ಮಾಯ ಏನಿಲ್ಲ.

ಟೈಟೇನಿಯಾ-ಬಿ ಬಗ್ಗೆ ಹೇಳ್ಲೇಬೇಕು, ನನ್ನ ಪ್ರಕಾರ ಈ ಕುಟುಂಬದಲ್ಲೇ ಚೆಂದದ್ದು ಅದು. 1980ರಲ್ಲಿ ಫ್ರಾನ್ಸಿನ ಮಾರ್ಶಾಂ, ಬ್ರೋಹಾಂ, ಟೂರ್ನೂ ಮೊದಲು ಮಾಡಿದ್ದು. ಉಳಿದವಕ್ಕಿಂತ ಒಳಗೆ ಜಾಗ ಜಾಸ್ತಿ, ಸಾಂದ್ರತೆ ಕಮ್ಮಿ, ಅಗಲವಾದ ಕಾಲುವೆಗಳು. ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್‌ನಲ್ಲಿ ಪೀಟರ್ ಬ್ರೂಸ್ ಗುಂಪು 2004-05ರಲ್ಲಿ ಇದನ್ನ ನ್ಯಾನೋವೈರ್ ರೂಪದಲ್ಲಿ ಮಾಡಿ ಗ್ರಾಂಗೆ 305 ಎಂಎಎಚ್ ತೆಗೆದ್ರು, ವೈರ್ ದಪ್ಪ 20-40 ನ್ಯಾನೋಮೀಟರ್, ಉದ್ದ ಮಾತ್ರ ಮೈಕ್ರಾನ್‌ಗಟ್ಟಲೆ. ಆ ಪೇಪರ್ ಬಂದ್ಮೇಲೆ ಪ್ರಪಂಚದಲ್ಲಿ ಹೈಡ್ರೋಥರ್ಮಲ್ ಬಾಂಬ್ ಇರೋ ಲ್ಯಾಬೆಲ್ಲ ಟೈಟೇನಿಯಾ ವೈರ್ ಮಾಡೋಕೆ ಕೂತ್ಕೊಂಡ್ವು, ನಮ್ಮದೂ ಸೇರಿ.

ಬಾಂಬ್ ಅಂದ್ರೆ ಗಾಬರಿ ಆಗ್ಬೇಡಿ. ಲೋಟದಷ್ಟು ದೊಡ್ಡ ಸ್ಟೀಲ್ ಡಬ್ಬಿ, ಒಳಗೆ ದಪ್ಪ ಟೆಫ್ಲಾನ್ ಕಪ್, ಮೇಲೆ ಸ್ಪ್ಯಾನರ್ ಹಾಕಿ ಟೈಟ್ ಮಾಡೋ ಮುಚ್ಚಳ. ಕಪ್‌ಗೆ 10 ಮೋಲಾರ್ ಕಾಸ್ಟಿಕ್ ಸೋಡಾ ದ್ರಾವಣ, ಅದಕ್ಕೆ ಮಾಮೂಲಿ ಟೈಟೇನಿಯಾ ಪುಡಿ, ಹೆಚ್ಚಾಗಿ ಪಿ25 ಅನ್ನೋ ಕಮರ್ಷಿಯಲ್ ಪುಡಿ, ಕಲಕಿ ಮುಚ್ಚಿ ಅವನ್‌ನಲ್ಲಿ ಇಡೋದು. 110-130 ಡಿಗ್ರಿಯಲ್ಲಿ ಒಂದು ದಿನ ಇಟ್ರೆ ಟ್ಯೂಬ್ ಬರುತ್ತೆ, ಇದನ್ನ ತೋರಿಸ್ಕೊಟ್ಟಿದ್ದು 1998ರಲ್ಲಿ ಜಪಾನಿನ ಕಸುಗಾ ಮತ್ತವರ ತಂಡ. 150-170 ಡಿಗ್ರಿಯಲ್ಲಿ ಎರಡು ಮೂರು ದಿನ ಇಟ್ರೆ ವೈರ್ ಬರುತ್ತೆ. ಹೊರಗೆ ತೆಗೆದಾಗ ಅದು ಪುಡಿ ಥರ ಇರಲ್ಲ, ಹತ್ತಿ ನೆನೆಸಿಟ್ಟಂಗೆ ಬಿಳಿ ಮುದ್ದೆ, ಗ್ಲಾಸ್ ರಾಡಿಗೆ ನೂಲು ನೂಲಾಗಿ ಅಂಟ್ಕೊಳ್ಳುತ್ತೆ. ಆಮೇಲೆ ಆಸಿಡ್‌ನಲ್ಲಿ ತೊಳೆದು ತೊಳೆದು ಸೋಡಿಯಂ ಪೂರ್ತಿ ತೆಗೀಬೇಕು, ಫಿಲ್ಟರ್ ಪೇಪರ್ ಮೇಲೆ ನೀರು ಹನಿ ಹನಿಯಾಗಿ ಇಳಿಯುತ್ತೆ, ಇಳಿಯುತ್ತೆ, ಊಟ ಮಾಡ್ಕೊಂಡು ಬಂದ್ರೂ ಇನ್ನೂ ಇಳೀತಾನೇ ಇರುತ್ತೆ, ನ್ಯಾನೋ ಅಂದ್ರೆ ಫಿಲ್ಟರ್ ರಂಧ್ರ ಕಟ್ಕೊಳ್ಳುತ್ತಲ್ಲ. ಕೊನೆಗೆ 400 ಡಿಗ್ರಿಯಲ್ಲಿ ಸುಟ್ರೆ ಟೈಟೇನಿಯಾ-ಬಿ. ಫರ್ನೇಸ್ ಸ್ವಲ್ಪ ಜಾಸ್ತಿ ಬಿಸಿಯಾದ್ರೆ ಅನಟೇಸ್ ಆಗೋಕೆ ಶುರುವಾಗುತ್ತೆ, ಎಕ್ಸ್‌ರೇ ತೆಗೆದಾಗ 25 ಡಿಗ್ರಿ ಕೋನದ ಹತ್ರ ಅನಟೇಸಿನ ಪೀಕ್ ಎದ್ದು ನಿಂತಿರುತ್ತೆ.

ಸಿಂಗಾಪುರದ ಚೆನ್ ಗುಂಪಿನವರ ಉಪಾಯ ಏನು ಅಂದ್ರೆ ಇದೇ ಕಾಸ್ಟಿಕ್ ಸೋಡಾ ಅಡುಗೆಯಲ್ಲಿ ಡಬ್ಬಿಯನ್ನ ಸುಮ್ನೆ ಬಿಡದೆ ಒಳಗೆ ಕಲಕ್ತಾ ಇದ್ದಿದ್ದು. ಕಲಕಿದ್ರೆ ಟ್ಯೂಬ್‌ಗಳು ಮಾಮೂಲಿಗಿಂತ ಬಹಳ ಉದ್ದ ಬೆಳೆದು ಒಂದಕ್ಕೊಂದು ಹೆಣೆದ್ಕೊಂಡು ಬಲೆ ಥರ ಆದ್ವು, ಕರೆಂಟ್ ಹರಿಯೋಕೆ ನಿರಂತರ ದಾರಿ ಸಿಕ್ತು, ಪುಡಿಯನ್ನ ಹಿಡಿದಿಡೋ ಅಂಟಿನ ಅಗತ್ಯಾನೂ ಹೋಯ್ತು. 10,000 ಸೈಕಲ್ (ಒಂದು ಸಲ ಚಾರ್ಜ್ ಆಗಿ ಖಾಲಿಯಾದ್ರೆ ಒಂದು ಸೈಕಲ್) ಓಡಿಸಿದ್ರು. ಮ್ಯಾಗ್ನೆಟಿಕ್ ಸ್ಟಿರರ್ ಒಂದು ಸೇರಿಸಿದ್ದಕ್ಕೆ ಇಷ್ಟು ಫಲ ಅಂದಾಗ ನಮ್ಮಂಥವರಿಗೆ ಹೊಟ್ಟೆಕಿಚ್ಚು ಆಗದೆ ಇರುತ್ತಾ.

ಇಡೀ ಕೆಲಸದಲ್ಲಿ ನಂಗೆ ಬೇಜಾರೇ ಆಗದೆ ಇದ್ದ ಒಂದು ವಿಷಯ ಬಣ್ಣ. ಟೈಟೇನಿಯಾ ಹಾಲಿನಷ್ಟು ಬಿಳಿ. ಲಿಥಿಯಂ ಒಳಗೆ ಹೋದ ತಕ್ಷಣ ನೀಲಿ ಆಗುತ್ತೆ, ಟೈಟೇನಿಯಂ ಒಂದು ಎಲೆಕ್ಟ್ರಾನ್ ತಗೊಂಡು ಪ್ಲಸ್ ನಾಲ್ಕರಿಂದ ಪ್ಲಸ್ ಮೂರಕ್ಕೆ ಇಳಿಯೋದ್ರಿಂದ ಬರೋ ಬಣ್ಣ ಅದು. ಕಾರ್ಬನ್ ಹಾಕಿದ ಎಲೆಕ್ಟ್ರೋಡ್ ಕಪ್ಪಗಿರೋದ್ರಿಂದ ಅದರಲ್ಲಿ ಕಾಣಲ್ಲ, ಗಾಜಿನ ಮೇಲೆ ತೆಳುವಾಗಿ ಬಳಿದ ಫಿಲ್ಮ್ ಆದ್ರೆ ಕಣ್ಮುಂದೇನೇ ಅಂಚಿಂದ ನೀಲಿ ಏರ್ತಾ ಬರುತ್ತೆ, ಕರೆಂಟ್ ತಿರುಗಿಸಿದ್ರೆ ಮತ್ತೆ ಬಿಳಿ. ಹೊಸದಾಗಿ ಸೇರಿದ ಎಂಎಸ್ಸಿ ಹುಡುಗ ಹುಡುಗೀರಿಗೆ ಬ್ಯಾಟರಿ ಅಂದ್ರೇನು ಅಂತ ಹೇಳೋಕೆ ಬೋರ್ಡ್ ಮೇಲೆ ಅರ್ಧ ಗಂಟೆ ಸಮೀಕರಣ ಬರೆಯೋ ಬದಲು ಇದನ್ನ ತೋರಿಸಿದ್ರೆ ಸಾಕು.

ಸರಿ, ಇಷ್ಟೆಲ್ಲಾ ಒಳ್ಳೇದಿದ್ರೆ ತೊಂದರೆ ಎಲ್ಲಿ?

ಒಂದು, ನ್ಯಾನೋ ಅನ್ನೋದೇ ತೊಂದರೆ. ಲ್ಯಾಬಲ್ಲಿ ಎಲೆಕ್ಟ್ರೋಡ್ ಮಾಡೋದು ಹೇಗಂದ್ರೆ ಪುಡಿ 80 ಭಾಗ, ಕಾರ್ಬನ್ 10 ಭಾಗ, ಅಂಟು 10 ಭಾಗ, ಎನ್‌ಎಂಪಿ ಅನ್ನೋ ವಾಸನೆಯ ದ್ರಾವಕ ಹಾಕಿ ಸ್ಲರಿ ಮಾಡಿ ಹಾಳೆ ಮೇಲೆ ಬಳಿಯೋದು. ದೊಡ್ಡ ಕಣ ಆದ್ರೆ ಸ್ಲರಿ ನುಣ್ಣಗೆ ದೋಸೆ ಹಿಟ್ಟಿನ ಹದಕ್ಕೆ ಬರುತ್ತೆ. ನ್ಯಾನೋ ಪುಡಿ ಆದ್ರೆ ಮೇಲ್ಮೈ ಎಷ್ಟಿದೆ ಅಂದ್ರೆ ಹಾಕಿದ ದ್ರಾವಕಾನೆಲ್ಲ ಕುಡಿದ್ಬಿಡುತ್ತೆ, ಇನ್ನೂ ಹಾಕ್ಬೇಕು, ಒಣಗಿದಾಗ ಬೇಸಿಗೆಯ ಕೆರೆ ತಳದ ಹಾಗೆ ಬಿರುಕು ಬಿಡುತ್ತೆ, ಹಾಳೆ ಬಗ್ಗಿಸಿದ್ರೆ ಹಪ್ಪಳೆ ಹಪ್ಪಳೆಯಾಗಿ ಏಳುತ್ತೆ. ತೆಳ್ಳಗೆ ಬಳಿದ್ರೆ ಏಳಲ್ಲ, ಆದ್ರೆ ಚದರ ಸೆಂಟಿಮೀಟರ್‌ಗೆ ಒಂದು ಮಿಲಿಗ್ರಾಂ ಅಷ್ಟೇ ಕೂರುತ್ತೆ, ಫ್ಯಾಕ್ಟರಿ ಸೆಲ್‌ನಲ್ಲಿ ಅದರ ಹತ್ತರಷ್ಟರ ಹತ್ರ ಇರುತ್ತೆ. ಪೇಪರ್‌ಗಳಲ್ಲಿ ಬರೋ ಭಾರೀ ಸ್ಪೀಡೆಲ್ಲ ಈ ತೆಳ್ಳನೆ ಪದರದ ಮೇಲೆ ತೆಗೆದಿದ್ದು. ದಪ್ಪ ಬಳಿದ ಕೂಡಲೇ ಕಣದೊಳಗಿನ ದೂರ ಅಲ್ಲ, ಪದರದ ರಂಧ್ರಗಳೊಳಗೆ ಎಲೆಕ್ಟ್ರೋಲೈಟ್ ಹರಿಯೋ ದೂರಾನೇ ಅಡ್ಡ ಬರುತ್ತೆ, 2500 ಪಟ್ಟಿನ ಲೆಕ್ಕ ಅಲ್ಲಿ ನಡೆಯಲ್ಲ.

ನ್ಯಾನೋ ಪುಡಿ ಹಗುರ ಕೂಡ, ಒತ್ತಿ ತುಂಬೋಕಾಗಲ್ಲ, ಒಂದು ಡಬ್ಬಿಯಲ್ಲಿ ಹಿಡಿಸೋ ತೂಕ ಕಮ್ಮಿ. ಗಾಳಿಯ ತೇವ ಹೀರಿಟ್ಕೊಂಡಿರುತ್ತೆ, ಎಷ್ಟು ವ್ಯಾಕ್ಯೂಮ್ ಅವನ್‌ನಲ್ಲಿಟ್ರೂ ಮೇಲ್ಮೈಯ ಕೊನೆಯ ನೀರು ಹೋಗೋಕೆ ಕೇಳಲ್ಲ, ಆ ನೀರು ಎಲೆಕ್ಟ್ರೋಲೈಟ್ ಜೊತೆ ಜಗಳ. ಅದಕ್ಕೇ ಮೊದಲ ಚಾರ್ಜಲ್ಲಿ ಒಳಗೆ ಹೋದ ಲಿಥಿಯಂನಲ್ಲಿ ಒಂದು ಪಾಲು ವಾಪಸ್ ಬರಲ್ಲ. ಲ್ಯಾಬಿನ ಕಾಯಿನ್ ಸೆಲ್‌ನಲ್ಲಿ ಎದುರಿಗೆ ಲಿಥಿಯಂ ಲೋಹದ ಬಿಲ್ಲೆ ಇರುತ್ತೆ, ಅದರಲ್ಲಿ ಲಿಥಿಯಂ ಬೇಕಾದಷ್ಟು ಇರೋದ್ರಿಂದ ಈ ನಷ್ಟ ಲೆಕ್ಕಕ್ಕೇ ಬರಲ್ಲ, ಗ್ರಾಫ್‌ನಲ್ಲಿ ಎರಡನೇ ಸೈಕಲ್‌ನಿಂದ ಎಲ್ಲಾ ಸಮ. ನಿಜವಾದ ಬ್ಯಾಟರಿಯಲ್ಲಿ ಆ ನಷ್ಟ ಕ್ಯಾಥೋಡಿಂದ ಬರಬೇಕು, ಅಂದ್ರೆ ನೀವು ದುಡ್ಡು ಕೊಟ್ಟು ತಂದ ದುಬಾರಿ ವಸ್ತುವಿನ ಒಂದು ಪಾಲು ಮೊದಲ ದಿನವೇ ಗೋವಿಂದ.

ಇಲ್ಲೇ ಒಂದು ಗೊಣಗಾಟ ಸೇರಿಸ್ತೀನಿ, ಕ್ಷಮಿಸಿ. ಈ ಫೀಲ್ಡಿನ ಪೇಪರ್ ಓದುವಾಗ 10ಸಿ, 20ಸಿ ಅಂತ ನೋಡಿದ ಕೂಡಲೇ ಬೆರಗಾಗ್ಬೇಡಿ, 1ಸಿ (ಒಂದು ಗಂಟೆಯಲ್ಲಿ ಪೂರ್ತಿ ತುಂಬೋ ಅಥವಾ ಖಾಲಿ ಮಾಡೋ ವೇಗ) ಅಂದ್ರೆ ಎಷ್ಟು ಕರೆಂಟು ಅಂತ ಎಕ್ಸ್‌ಪೆರಿಮೆಂಟಲ್ ಸೆಕ್ಷನ್‌ಗೆ ಹೋಗಿ ಹುಡುಕಿ. ಕೆಲವರು ಗ್ರಾಂಗೆ 335 ಮಿಲಿಆಂಪಿಯರ್ ಅಂತ ಇಟ್ಕೊಳ್ತಾರೆ, ಕೆಲವರು 168 ಅಂತ. ಎರಡನೆಯವರ 20ಸಿ ಮೊದಲನೆಯವರಿಗೆ ಬರೀ 10ಸಿ. ಜೊತೆಗೆ ಡಿಸ್ಚಾರ್ಜ್ ಮಾತ್ರ ಜೋರಾಗಿ ಮಾಡಿ ಚಾರ್ಜ್ ಆರಾಮಾಗಿ ಮಾಡಿದ್ರಾ, ಎರಡೂ ಜೋರಾ, ಅದನ್ನೂ ನೋಡಿ. ಹೊಸ ಆಕಾರದ ಕಾಟಾನೂ ಕಮ್ಮಿ ಅಲ್ಲ, ಸೇವಂತಿಗೆ ಹೂವಿನಂಥ ಟೈಟೇನಿಯಾ, ಸಮುದ್ರ ಮುಳ್ಳುಚೆಂಡಿನಂಥ ಟೈಟೇನಿಯಾ, ಟೊಳ್ಳು ಗೋಲಿ ಟೈಟೇನಿಯಾ, ಮೈಕ್ರೋಸ್ಕೋಪಲ್ಲಿ ಫೋಟೋ ಚೆನ್ನಾಗಿ ಬಂದ್ರೆ ಅರ್ಧ ಪೇಪರ್ ಆದಂಗೇ. ನನ್ನ ಅನಿಸಿಕೆ ಕೇಳಿದ್ರೆ ಆ ಹೂವುಗಳಲ್ಲಿ ತೊಂಬತ್ತು ಪಾಲಿಗೆ ಒಳಗಿನ ಕಣದ ಸೈಜ್ ಬಿಟ್ಟು ಬೇರೆ ಯಾವ ಮಹತ್ವಾನೂ ಇಲ್ಲ.

ಎರಡನೇ ತೊಂದರೆ ದೊಡ್ಡದು, ಅದಕ್ಕೆ ಯಾವ ನ್ಯಾನೋ ಉಪಾಯಾನೂ ಇಲ್ಲ. ವೋಲ್ಟೇಜು. ಟೈಟೇನಿಯಾ ಸೇಫ್ ಅಂತ ಯಾವ ಕಾರಣಕ್ಕೆ ಹೊಗಳಿದ್ನೋ ಅದೇ ಕಾರಣ. ಬ್ಯಾಟರಿ ವೋಲ್ಟೇಜ್ ಅಂದ್ರೆ ಕ್ಯಾಥೋಡ್ ವೋಲ್ಟೇಜಿಂದ ಆನೋಡ್ ವೋಲ್ಟೇಜ್ ಕಳೆದು ಉಳಿದಿದ್ದು. ಕ್ಯಾಥೋಡ್ 3.8 ಅಂತ ಇಟ್ಕೊಳ್ಳಿ, ಗ್ರಾಫೈಟ್ ಆದ್ರೆ 0.1 ಕಳೆದು 3.7 ಉಳಿಯುತ್ತೆ. ಅನಟೇಸ್ ಆದ್ರೆ 1.75 ಕಳೆದು ಎರಡು ವೋಲ್ಟ್ ಚಿಲ್ಲರೆ. ಇನ್ನು ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಕ್ಯಾಥೋಡ್ ಜೊತೆ ಹಾಕಿದ್ರೆ 1.7, ಹತ್ತಿರತ್ತಿರ ಪೆನ್ಸಿಲ್ ಸೆಲ್ಲಿನ ವೋಲ್ಟೇಜು. ಎನರ್ಜಿ ಅಂದ್ರೆ ವೋಲ್ಟೇಜ್ ಗುಣಿಸು ಎಂಎಎಚ್, ಹಾಗಾಗಿ ಬೇರೆಲ್ಲ ಸರಿಸಮ ಇದ್ರೂ ಅದೇ ತೂಕಕ್ಕೆ ಎನರ್ಜಿ ಅರ್ಧದ ಹತ್ರಕ್ಕೆ ಬಿತ್ತು. ಫೋನ್ ಎರಡು ನಿಮಿಷದಲ್ಲಿ ಚಾರ್ಜ್ ಆಗುತ್ತೆ, ಆದ್ರೆ ಮಧ್ಯಾಹ್ನ ಊಟದೊತ್ತಿಗೆ ಖಾಲಿ, ಇಲ್ಲಾ ಫೋನ್ ಎರಡರಷ್ಟು ದಪ್ಪ. ಯಾವ ಫೋನ್ ಕಂಪನಿ ಒಪ್ಪುತ್ತೆ ಹೇಳಿ.

ಮೂರನೇದು ಚಾರ್ಜರ್, ಇದನ್ನ ಆ ಫಾರ್ವರ್ಡ್ ಕಳಿಸೋರು ಯಾರೂ ಯೋಚಿಸಲ್ಲ. 5000 ಎಂಎಎಚ್ ಫೋನ್ ಬ್ಯಾಟರಿ ಅಂದ್ರೆ ಸುಮಾರು 19 ವ್ಯಾಟ್-ಅವರ್, ಅದರ 70 ಪರ್ಸೆಂಟನ್ನ ಎರಡು ನಿಮಿಷದಲ್ಲಿ ತುಂಬಬೇಕಾದ್ರೆ 400 ವ್ಯಾಟ್ ಬೇಕು, 20 ವೋಲ್ಟ್‌ನಲ್ಲಿ ಕೊಟ್ರೂ 20 ಆಂಪಿಯರ್, ನಿಮ್ಮ ಟೈಪ್-ಸಿ ಕೇಬಲ್ ತಡ್ಕೊಳ್ಳೋದು ಹೆಚ್ಚಂದ್ರೆ 5 ಆಂಪಿಯರ್. 3 ಕಿಲೋವ್ಯಾಟ್-ಅವರ್ ಸ್ಕೂಟರ್‌ಗೆ ಲೆಕ್ಕ ಹಾಕಿದ್ರೆ 63 ಕಿಲೋವ್ಯಾಟ್, ನಮ್ಮ ಮನೆಗಳ ಕನೆಕ್ಷನ್ 3 ರಿಂದ 5. 40 ಕಿಲೋವ್ಯಾಟ್-ಅವರ್ ಕಾರಿಗೆ 840 ಕಿಲೋವ್ಯಾಟ್, ಅದಕ್ಕೆ ರಸ್ತೇಲಿರೋ ಟ್ರಾನ್ಸ್‌ಫಾರ್ಮರ್‌ನೇ ತಂದು ಪಾರ್ಕಿಂಗಲ್ಲಿ ಇಡಬೇಕು. ಎಲೆಕ್ಟ್ರೋಡ್ ರೆಡಿ ಇದ್ರೂ ಗೋಡೆ ಸಾಕೆಟ್ ರೆಡಿ ಇಲ್ಲ.

ಹಾಗಂತ ಈ ಸಂಶೋಧನೆ ಎಲ್ಲ ನೀರಲ್ಲಿ ಹೋಮ ಆಯ್ತಾ ಅಂದ್ರೆ, ಇಲ್ಲ. ಟೈಟೇನಿಯಾದ ದಾಯಾದಿ ಒಂದಿದೆ, ಲಿಥಿಯಂ ಟೈಟನೇಟ್, ಎಲ್ಲರೂ ಎಲ್‌ಟಿಒ ಅಂತಾರೆ. ಮಾಡುವಾಗಲೇ ಟೈಟೇನಿಯಾ ಜೊತೆ ಲಿಥಿಯಂ ಕಾರ್ಬೊನೇಟೋ ಹೈಡ್ರಾಕ್ಸೈಡೋ ಹಾಕಿ ಸುಡೋದು. ಹಿಡಿಸೋದು ಗ್ರಾಂಗೆ 175 ಎಂಎಎಚ್, ವೋಲ್ಟೇಜ್ 1.55, ಎರಡರಲ್ಲೂ ಹೇಳ್ಕೊಳ್ಳೋ ಅಂಥದ್ದೇನಿಲ್ಲ. ಆದ್ರೆ ಲಿಥಿಯಂ ಹೋಗಿ ಬಂದಾಗ ಅದರ ಗಾತ್ರ ಬದಲಾಗೋದು ಬರೀ 0.2 ಪರ್ಸೆಂಟ್, ಜಪಾನಿನ ಓಝುಕು 1995ರಲ್ಲಿ ಇದಕ್ಕೆ ಝೀರೋ ಸ್ಟ್ರೈನ್ ಅಂತಾನೇ ಹೆಸರಿಟ್ರು. ಉಬ್ಬಲ್ಲ ಕುಗ್ಗಲ್ಲ ಅಂದ್ಮೇಲೆ ಬಿರುಕಿಲ್ಲ, ಸಾವಿರಾರು ಸೈಕಲ್ ಸುಮ್ನೆ ಓಡುತ್ತೆ. ಮೊದಲ ಚಾರ್ಜಿನ ನಷ್ಟಾನೂ ಬಹಳ ಕಮ್ಮಿ, 7 ನ್ಯಾನೋಮೀಟರ್‌ವರೆಗೆ ಇಳಿಸೋ ಹಠಾನೂ ಬೇಡ. ಟೈಟೇನಿಯಾದ 335 ಅನ್ನೋ ಆಸೆ ಬಿಟ್ಟು ಖಾತ್ರಿಯ 175 ಹಿಡ್ಕೊಂಡೋರು ಮಾರ್ಕೆಟ್‌ಗೆ ಬಂದ್ರು. ತೋಷಿಬಾ 2008ರಲ್ಲೇ ಎಸ್‌ಸಿಐಬಿ ಅನ್ನೋ ಹೆಸರಲ್ಲಿ ತಂತು. ಅದು ಸಿಂಗಾಪುರದ ಸುದ್ದಿಗಿಂತ ಆರು ವರ್ಷ ಮುಂಚೆ ಅನ್ನೋದನ್ನ ಗಮನಿಸಿ, ಜೋರಾಗಿ ಚಾರ್ಜ್ ಆಗೋ ಟೈಟೇನಿಯಂ ಬ್ಯಾಟರಿ ಆಗಲೇ ಅಂಗಡಿಯಲ್ಲಿತ್ತು.

ನಮ್ಮ ದೇಶಕ್ಕೂ ಅದು ಬಂದಿದೆ. 2017ರಲ್ಲಿ ಸುಜುಕಿ, ತೋಷಿಬಾ, ಡೆನ್ಸೊ ಮೂರೂ ಸೇರಿ ಗುಜರಾತಿನ ಹಂಸಲ್‌ಪುರದಲ್ಲಿ ಬ್ಯಾಟರಿ ಕಂಪನಿ ಶುರು ಮಾಡಿದ್ವು, ಹೈಬ್ರಿಡ್ ಕಾರುಗಳಿಗೆ ಅಂತ. ಹೈಬ್ರಿಡ್‌ಗೆ ಯಾಕೆ ಸರಿಹೊಂದುತ್ತೆ ಅಂದ್ರೆ, ಅಲ್ಲಿ ನೂರಾರು ಕಿಲೋಮೀಟರ್ ಓಡೋ ಎನರ್ಜಿ ಬೇಕಾಗಿಲ್ಲ, ಬ್ರೇಕ್ ಒತ್ತಿದ ಆ ನಾಲ್ಕು ಸೆಕೆಂಡಲ್ಲಿ ಬರೋ ಕರೆಂಟನ್ನ ಗಬಕ್ಕನೆ ನುಂಗಿ, ಸಿಗ್ನಲ್ ಬಿಟ್ಟಾಗ ವಾಪಸ್ ಕೊಡಬೇಕು, ದಿನಕ್ಕೆ ನೂರಾರು ಸಲ. ಸಿಲ್ಕ್ ಬೋರ್ಡ್ ಸಿಗ್ನಲ್ಲಿಗಂತೂ ಹೇಳಿ ಮಾಡಿಸಿದ ಕೆಮಿಸ್ಟ್ರಿ. ಕೈಗಡಿಯಾರ ಕಡೆ ನೋಡಿ, ಸಿಟಿಜನ್ ಇಕೋ-ಡ್ರೈವ್ ಥರದ ಸೋಲಾರ್ ವಾಚ್ ಒಳಗಿರೋ ಪುಟ್ಟ ರೀಚಾರ್ಜ್ ಸೆಲ್‌ಗಳಲ್ಲಿ ಆನೋಡು ಲಿಥಿಯಂ ಟೈಟೇನಿಯಂ ಆಕ್ಸೈಡೇ. 1.5 ವೋಲ್ಟೇ ಸಾಕು, ವರ್ಷಗಟ್ಟಲೆ ಕೈ ಹಾಕಂಗಿಲ್ಲ, ಅಂಥ ಕಡೆ ಕಮ್ಮಿ ವೋಲ್ಟೇಜ್ ದೋಷವೇ ಅಲ್ಲ.

ಮುಂದಿನದು ನಿಯೋಬಿಯಂ. ಟೈಟೇನಿಯಂ ಒಂದು ಎಲೆಕ್ಟ್ರಾನ್ ತಗೊಂಡ್ರೆ ನಿಯೋಬಿಯಂ ಎರಡು ತಗೊಳ್ಳುತ್ತೆ, ಎರಡನ್ನೂ ಸೇರಿಸಿದ ಟೈಟೇನಿಯಂ ನಿಯೋಬಿಯಂ ಆಕ್ಸೈಡ್‌ಗೆ ಲೆಕ್ಕದಲ್ಲಿ 387 ಎಂಎಎಚ್ ಬರುತ್ತೆ, ವೋಲ್ಟೇಜ್ ಅದೇ 1.6ರ ಆಸುಪಾಸು. 2011ರಲ್ಲಿ ಗುಡ್‌ಎನಫ್ (ಆ 2019ರ ನೊಬೆಲ್‌ನಲ್ಲಿ ಇನ್ನೊಬ್ಬ ಪಾಲುದಾರ) ಗುಂಪು ಇದನ್ನ ಮುಂದಿಟ್ಟಿತು, 2017ರಲ್ಲಿ ತೋಷಿಬಾ ಕೈಗೆತ್ತಿಕೊಳ್ತು, 2024ರ ಜೂನ್‌ನಲ್ಲಿ ಬ್ರೆಜಿಲ್ಲಿನ ಅರಾಶಾ ಊರಲ್ಲಿ ಇದೇ ಬ್ಯಾಟರಿಯ ಎಲೆಕ್ಟ್ರಿಕ್ ಬಸ್ ಪ್ರೋಟೋಟೈಪ್ ತೋರಿಸಿದ್ರು, ಹತ್ತು ನಿಮಿಷದ ಚಾರ್ಜು. ಆ ಊರಲ್ಲೇ ಯಾಕಂದ್ರೆ ಪ್ರಪಂಚದ ದೊಡ್ಡ ನಿಯೋಬಿಯಂ ಗಣಿ ಅಲ್ಲೇ ಇದೆ. ಶುದ್ಧ ಟೈಟೇನಿಯಾ ಮಾಡಬೇಕಾಗಿದ್ದ ಕೆಲಸಾನ ಇದು ಮಾಡೋ ಲಕ್ಷಣ ಇದೆ, ಬಸ್ಸಿಗೆ ಡಿಪೋನಲ್ಲಿ ದೊಡ್ಡ ಚಾರ್ಜರ್ ಹಾಕೋದು ಮನೆಗೆ ಹಾಕಿದಷ್ಟು ಕಷ್ಟ ಅಲ್ವಲ್ಲ. ಬೆಲೆ ಮಾತ್ರ ನಿಯೋಬಿಯಂ ಬೆಲೆ, ಟೂತ್‌ಪೇಸ್ಟ್ ಬೆಲೆ ಅಲ್ಲ.

ಕೊನೆಗೆ, ನಂಗೆ ಜಾಸ್ತಿ ಬರೋ ಪ್ರಶ್ನೆ: ಆನ್‌ಲೈನಲ್ಲಿ "ಟೈಟೇನಿಯಂ ಬ್ಯಾಟರಿ" ಅಂತ ಮಾರ್ತಿದ್ದಾರೆ, ಇನ್ವರ್ಟರ್‌ಗೆ ತಗೋಬಹುದಾ? ಸೆಲ್ ಮೇಲೆ ಬರೆದಿರೋ ನಾಮಿನಲ್ ವೋಲ್ಟೇಜ್ ನೋಡಿ. 3.2 ಇದ್ರೆ ಅದು ಎಲ್‌ಎಫ್‌ಪಿ, 3.6-3.7 ಇದ್ರೆ ಮಾಮೂಲಿ ನಿಕ್ಕಲ್ ಕೋಬಾಲ್ಟ್, 2.3-2.4 ಇದ್ರೆ ಮಾತ್ರ ಎಲ್‌ಟಿಒ. ಎಲ್‌ಟಿಒ ಆದ್ರೆ ಒಂದು ಸೆಲ್ಲನ್ನ 2.8 ದಾಟಿ ಚಾರ್ಜ್ ಮಾಡೋ ಹಾಗಿಲ್ಲ, ಎಲ್‌ಎಫ್‌ಪಿಗೆ ಮಾಡಿದ ಬಿಎಂಎಸ್ (ಸೆಲ್‌ಗಳ ಚಾರ್ಜ್ ಕಾಯೋ ಸರ್ಕ್ಯೂಟ್) 3.6ರವರೆಗೂ ಬಿಡುತ್ತೆ, ಹಾಗಾಗಿ ಹಳೇ ಬಿಎಂಎಸ್ ಹಾಕಿ ಅಡ್ಜಸ್ಟ್ ಮಾಡೋಕೆ ಹೋಗ್ಬೇಡಿ, ಎಲ್‌ಟಿಒ ಅಂತಾನೇ ಬರೆದಿರೋದು ತಗೊಳ್ಳಿ. 12 ವೋಲ್ಟ್ ಪ್ಯಾಕ್‌ಗೆ ನಾಲ್ಕಲ್ಲ, ಐದಾರು ಸೆಲ್ ಸೀರೀಸ್‌ನಲ್ಲಿ ಬೇಕು. ಕೆಜಿಗೆ ಸಿಗೋದು 100 ವ್ಯಾಟ್-ಅವರ್ ಒಳಗೇ, ಮನೆ ಮೂಲೆಯಲ್ಲಿ ಕೂರೋ ಇನ್ವರ್ಟರ್‌ಗೆ ಆ ತೂಕ ಏನೂ ಅಡ್ಡಿ ಇಲ್ಲ, ಸ್ಕೂಟರ್‌ಗೆ ಅಂದ್ರೆ ಬೇಡ ಅಂತೀನಿ.